ಫೋನ್ ಅಡ್ಡ ಹಿಡಿಯಬೇಕೇ, ಉದ್ದ ಹಿಡಿಯಬೇಕೇ? ಚೌಕಟ್ಟಿನ ಹಿಂದಿನ ಲೆಕ್ಕ

ಕ್ಯಾಮೆರಾ ಆ್ಯಪ್ ತೆರೆದರೆ ಪರದೆಯ ಮೇಲಂಚಿನಲ್ಲೋ ಸೆಟ್ಟಿಂಗ್ಸ್ ಒಳಗೋ 4:3, 16:9, 1:1, ಫುಲ್ ಎಂಬ ಆಯ್ಕೆಗಳು ಸಿಗುತ್ತವೆ. ಅನೇಕರು ಅದರ ತಂಟೆಗೇ ಹೋಗುವುದಿಲ್ಲ. ಹೋದವರು ‘ಫುಲ್’ ಒತ್ತಿ ಹಾಗೇ ಬಿಟ್ಟಿರುವುದೂ ಉಂಟು. ಆಗ ಚಿತ್ರ ಪರದೆ ತುಂಬ ಕಾಣುತ್ತದಲ್ಲ, ಕ್ಯಾಮೆರಾ ತನ್ನ ಪೂರ್ತಿ ಸಾಮರ್ಥ್ಯ ಬಳಸುತ್ತಿದೆ ಅನಿಸುತ್ತದೆ. ವಾಸ್ತವದಲ್ಲಿ ಚಿತ್ರದ ಅತಿ ಹೆಚ್ಚು ಭಾಗ ಕಳೆದುಹೋಗುವುದು ಇದೇ ಆಯ್ಕೆಯಲ್ಲಿ.

ಈ ಅಂಕಿಗಳನ್ನೇ ಆಸ್ಪೆಕ್ಟ್ ರೇಶಿಯೋ ಎನ್ನುತ್ತಾರೆ. ಚಿತ್ರದ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ ಅದು. 4:3 ಎಂದರೆ ಒಂದು ಬದಿ ನಾಲ್ಕು ಪಾಲು, ಇನ್ನೊಂದು ಮೂರು ಪಾಲು. ಅನುಪಾತ ಬೇರೆ, ಫೋನನ್ನು ಅಡ್ಡ ಹಿಡಿಯುತ್ತೀರೋ ಉದ್ದ ಹಿಡಿಯುತ್ತೀರೋ ಎಂಬುದು ಬೇರೆ. ಎರಡೂ ಸೇರಿ ಚೌಕಟ್ಟು ಆಗುತ್ತದೆ. ಇವೆರಡರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ, ಈ ಲೇಖನ ನಿಂತಿರುವುದೂ ಅದರ ಮೇಲೆಯೇ: ಅನುಪಾತವನ್ನು ಫೋಟೋ ತೆಗೆದ ಮೇಲೂ ಆರಾಮಾಗಿ ಬದಲಿಸಬಹುದು, ಆದರೆ ಫೋನ್ ಹಿಡಿದ ದಿಕ್ಕನ್ನು ಬೆಲೆ ತೆರದೆ ಬದಲಿಸಲಾಗದು. ಆದ್ದರಿಂದ ಕ್ಲಿಕ್ ಮಾಡುವ ಮೊದಲು ತಲೆ ಕೆಡಿಸಿಕೊಳ್ಳಬೇಕಾದದ್ದು ಎರಡನೆಯದರ ಬಗ್ಗೆ.

ಸೆನ್ಸರ್‌ನ ಆಕಾರ

ಫೋನಿನ ಲೆನ್ಸ್ ಹಿಂದೆ ಬೆಳಕನ್ನು ಹಿಡಿಯುವ ಪುಟ್ಟ ಚಿಪ್ ಇದೆ, ಅದೇ ಸೆನ್ಸರ್. ಬಹುತೇಕ ಎಲ್ಲ ಫೋನುಗಳಲ್ಲೂ ಅದರ ಆಕಾರ 4:3. 12 ಮೆಗಾಪಿಕ್ಸೆಲ್ ಚಿತ್ರವೊಂದನ್ನು ತೆಗೆದುಕೊಳ್ಳಿ. ಉದ್ದ ಬದಿಯಲ್ಲಿ 4032 ಪಿಕ್ಸೆಲ್, ಗಿಡ್ಡ ಬದಿಯಲ್ಲಿ 3024. ಗುಣಿಸಿದರೆ ಸುಮಾರು 1 ಕೋಟಿ 22 ಲಕ್ಷ. ಕ್ಯಾಮೆರಾ ಕಾಣಬಲ್ಲದ್ದೆಲ್ಲ ಇಷ್ಟರಲ್ಲೇ ಇದೆ.

ಈಗ 16:9 ಆರಿಸಿದಿರಿ ಅನ್ನೋಣ. ಸೆನ್ಸರ್ ಹಿಗ್ಗುವುದಿಲ್ಲ. 4032 ಹಾಗೇ ಉಳಿದು, ಇನ್ನೊಂದು ಬದಿ 2268ಕ್ಕೆ ಇಳಿಯುತ್ತದೆ. ಎರಡೂ ಅಂಚಿನಿಂದ ಸಮನಾಗಿ ಕತ್ತರಿಸಿ ಬಿಸಾಡಿದ್ದು ಒಟ್ಟು ಶೇ. 25. ಚೌಕ, ಅಂದರೆ 1:1 ಆರಿಸಿದರೂ ನಷ್ಟ ಅಷ್ಟೇ, ಶೇ. 25. ಆಗ ಕತ್ತರಿ ಬೀಳುವುದು ಉದ್ದ ಬದಿಗೆ. 3:2ರಲ್ಲಿ ಹೋಗುವುದು ಶೇ. 11ರಷ್ಟು ಮಾತ್ರ. ಇನ್ನು ಫುಲ್: ನಿಮ್ಮ ಪರದೆ 20:9 ಆಕಾರದ್ದಾದರೆ ಶೇ. 40 ಹೋಯಿತು. ಹನ್ನೆರಡು ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಏಳು ಚಿಲ್ಲರೆ.

ಇದನ್ನು ಕಣ್ಣಾರೆ ನೋಡುವುದು ಸುಲಭ. ಫೋನನ್ನು ಉದ್ದ ಹಿಡಿದು, ಅಲುಗಾಡದಂತೆ ಯಾವುದಕ್ಕಾದರೂ ಒರಗಿಸಿ ನಿಲ್ಲಿಸಿ. 4:3ರಲ್ಲಿ ಇಟ್ಟು, ಚಿತ್ರದ ಎಡ ಅಂಚಿಗೆ ಬಾಗಿಲಿನ ಚೌಕಟ್ಟೋ ಕಿಟಕಿಯ ಸರಳೋ ತಾಗಿಕೊಂಡಿರುವಂತೆ ಹೊಂದಿಸಿಕೊಳ್ಳಿ. ಪರದೆಯ ಮೇಲೆ ಕೆಳಗೆ ಕಪ್ಪು ಜಾಗ ಖಾಲಿ ಉಳಿದಿರುತ್ತದೆ. ಈಗ ಫುಲ್ ಒತ್ತಿ. ಚಿತ್ರ ಬೆಳೆದು ಆ ಕಪ್ಪು ಜಾಗವನ್ನೆಲ್ಲ ತುಂಬಿಕೊಂಡಂತೆ ಕಾಣುತ್ತದೆ, ಆದರೆ ಎಡಗಡೆಯ ಬಾಗಿಲಿನ ಚೌಕಟ್ಟು ಮಾಯ. ಬಲಗಡೆಯೂ ಅಷ್ಟೇ ಹೋಗಿದೆ. ಮೇಲೆ ಕೆಳಗೆ ಹೊಸದಾಗಿ ಏನೂ ಸೇರಿಲ್ಲ, ಉಳಿದದ್ದನ್ನೇ ದೊಡ್ಡದು ಮಾಡಿ ತೋರಿಸಿದೆ ಅಷ್ಟೆ.

ಅಂದಮೇಲೆ ಫೋಟೋ ಮಟ್ಟಿಗೆ ನನ್ನ ಸಲಹೆ ನೇರ: ಯಾವಾಗಲೂ 4:3ರಲ್ಲೇ ತೆಗೆಯಿರಿ. ಚೌಕ ಬೇಕಿದ್ದರೆ, ಅಗಲದ ಪಟ್ಟಿ ಬೇಕಿದ್ದರೆ ಗ್ಯಾಲರಿಯಲ್ಲಿ ಕ್ರಾಪ್ ಮಾಡಿ. ಆಗ ಯಾವ ಅಂಚು ಹೋಗಬೇಕು ಎಂದು ನೀವು ತೀರ್ಮಾನಿಸುತ್ತೀರಿ. ಕ್ಯಾಮೆರಾ ತಾನೇ ಕತ್ತರಿಸುವಾಗ ಎರಡೂ ಕಡೆ ಕುರುಡಾಗಿ ಸಮಪಾಲು ಕತ್ತರಿಸುತ್ತದೆ, ಮೇಲೆ ಬರೀ ಆಕಾಶವಿರಲಿ, ಕೆಳಗೆ ಯಾರದೋ ಪಾದವಿರಲಿ, ಅದಕ್ಕೆ ಒಂದೇ. ಕೆಲವು ಫೋನುಗಳು ನೀವು 16:9 ಆರಿಸಿದ್ದರೂ ಮೂಲ ಚಿತ್ರವನ್ನು ಪೂರ್ತಿ ಉಳಿಸಿಕೊಂಡು, ಎಡಿಟ್ ಮಾಡುವಾಗ ವಾಪಸ್ ಕೊಡುತ್ತವೆ. ಎಲ್ಲವೂ ಹಾಗಲ್ಲ. 50, 108, 200 ಮೆಗಾಪಿಕ್ಸೆಲ್ ಎಂದು ಡಬ್ಬಿಯ ಮೇಲೆ ಬರೆದಿರುವ ಗರಿಷ್ಠ ಗಾತ್ರದ ಆಯ್ಕೆಯೂ ಹಲವು ಫೋನುಗಳಲ್ಲಿ ತೆರೆದುಕೊಳ್ಳುವುದು 4:3ರಲ್ಲಿ ಮಾತ್ರ.

ಇದಕ್ಕೊಂದು ಅಪವಾದ ಕೊಡಬಲ್ಲೆ. ಚಿತ್ರ ಕೊನೆಗೆ ಚೌಕವಾಗಿಯೇ ಇರಬೇಕು ಎಂದು ಮೊದಲೇ ಗೊತ್ತಿದ್ದು, ಚೌಕದೊಳಗೆ ವಸ್ತುಗಳನ್ನು ಜೋಡಿಸುವ ಅಭ್ಯಾಸ ಮಾಡುತ್ತಿದ್ದರೆ 1:1 ಇಟ್ಟುಕೊಂಡೇ ನೋಡುವುದು ಕಣ್ಣಿಗೆ ಒಳ್ಳೆಯ ತರಬೇತಿ. ಚೌಕಟ್ಟನ್ನು ಕಣ್ಣೆದುರೇ ಕಾಣುತ್ತ ಜೋಡಿಸುವುದಕ್ಕೂ ಆಮೇಲೆ ಊಹಿಸಿ ಕತ್ತರಿಸುವುದಕ್ಕೂ ವ್ಯತ್ಯಾಸ ಇದ್ದೇ ಇದೆ.

ಈ ಅಂಕಿಗಳು ಬಂದದ್ದು ಎಲ್ಲಿಂದ

4:3ಕ್ಕೆ ನೂರಮೂವತ್ತು ವರ್ಷಗಳ ಇತಿಹಾಸವಿದೆ. 1890ರ ದಶಕದ ಮೊದಲಲ್ಲಿ ಥಾಮಸ್ ಎಡಿಸನ್‌ನ ಪ್ರಯೋಗಾಲಯದಲ್ಲಿ ವಿಲಿಯಂ ಡಿಕ್ಸನ್ 35 ಮಿ.ಮೀ. ಅಗಲದ ಫಿಲಂ ಪಟ್ಟಿಯ ಮೇಲೆ, ಒಂದೊಂದು ಚಿತ್ರಕ್ಕೆ ಅಂಚಿನ ನಾಲ್ಕು ರಂಧ್ರಗಳಷ್ಟು ಎತ್ತರ ಕೊಟ್ಟ. ಆ ಲೆಕ್ಕದಲ್ಲಿ ಚಿತ್ರ ಸರಿಸುಮಾರು 4:3 ಆಯಿತು. ಸಿನಿಮಾ ಅದನ್ನು ಹಿಡಿದುಕೊಂಡಿತು, ಸಿನಿಮಾ ನೋಡಿ ಟಿವಿಯೂ ಹಿಡಿದುಕೊಂಡಿತು, ಟಿವಿಯ ಆಕಾರವೇ ಕಂಪ್ಯೂಟರ್ ಪರದೆಗೂ ಅಲ್ಲಿಂದ ಡಿಜಿಟಲ್ ಕ್ಯಾಮೆರಾಗಳಿಗೂ ಇಳಿದು ಬಂತು.

3:2 ಹುಟ್ಟಿದ್ದೂ ಅದೇ ಪಟ್ಟಿಯಿಂದ. ಜರ್ಮನಿಯ ಆಸ್ಕರ್ ಬಾರ್ನಾಕ್ ಸಿನಿಮಾ ಫಿಲಂ ಬಳಸುವ ಪುಟ್ಟ ಸ್ಥಿರಚಿತ್ರ ಕ್ಯಾಮೆರಾ ಕಟ್ಟುವಾಗ, 18×24 ಮಿ.ಮೀ.ನ ಎರಡು ಸಿನಿಮಾ ಫ್ರೇಮ್‌ಗಳ ಜಾಗವನ್ನು ಕೂಡಿಸಿ 24×36 ಮಾಡಿಕೊಂಡ. 1925ರಲ್ಲಿ ಲೈಕಾ ಹೆಸರಿನಲ್ಲಿ ಆ ಕ್ಯಾಮೆರಾ ಮಾರುಕಟ್ಟೆಗೆ ಬಂತು. ಇವತ್ತಿನ ದೊಡ್ಡ ಡಿಜಿಟಲ್ ಕ್ಯಾಮೆರಾಗಳ ಆಕಾರವೂ, 4×6 ಇಂಚಿನ ಪ್ರಿಂಟ್‌ನ ಆಕಾರವೂ ಅದೇ.

16:9ರದ್ದು ರಾಜಿ ಲೆಕ್ಕ. 1950ರ ದಶಕದಲ್ಲಿ ಟಿವಿಯ ಪೈಪೋಟಿ ಎದುರಿಸಲು ಸಿನಿಮಾ ಅಗಲವಾಗುತ್ತ ಹೋಯಿತು, 1953ರ ಸಿನಿಮಾಸ್ಕೋಪ್ ಅದರ ದೊಡ್ಡ ಹೆಜ್ಜೆ. ಹೀಗೆ ಹಳೆಯ 1.33ರಿಂದ (4ನ್ನು 3ರಿಂದ ಭಾಗಿಸಿದರೆ ಬರುವುದು) ಹಿಡಿದು 2.35ರವರೆಗೆ ನಾನಾ ಅನುಪಾತಗಳು ಚಾಲ್ತಿಗೆ ಬಂದವು. 1980ರ ದಶಕದಲ್ಲಿ ಹೈ ಡೆಫಿನಿಷನ್ ಟಿವಿಗೆ ಒಂದು ಆಕಾರ ಬೇಕಾದಾಗ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್ ಒಂದು ಕೆಲಸ ಮಾಡಿದ. ಆ ಎಲ್ಲ ಅನುಪಾತಗಳಿಗೂ ಒಂದೇ ವಿಸ್ತೀರ್ಣದ ಆಯತ ಬರೆದು, ನಡುಬಿಂದು ಕೂಡುವಂತೆ ಒಂದರ ಮೇಲೊಂದು ಇಟ್ಟ. ಎಲ್ಲವನ್ನೂ ಒಳಗೊಳ್ಳುವ ಹೊರ ಆಯತ, ಎಲ್ಲಕ್ಕೂ ಸಾಮಾನ್ಯವಾದ ಒಳ ಆಯತ, ಎರಡರ ಅನುಪಾತವೂ 1.77ರ ಆಸುಪಾಸು ಬಂತು. 16ನ್ನು 9ರಿಂದ ಭಾಗಿಸಿ ನೋಡಿ, ಅದೇ. ಯಾವ ಹಳೆಯ ಚಿತ್ರಕ್ಕೂ ತೀರಾ ಅನ್ಯಾಯವಾಗದ ಪರದೆ ಅದು. ಉಳಿದ ಅನುಪಾತಗಳಿಗಿಂತ ಕಣ್ಣಿಗೆ ಹೆಚ್ಚು ಚೆಂದ ಎಂದು ಯಾರೂ ಆರಿಸಿದ್ದಲ್ಲ.

ಚೌಕದ ಕಥೆ ನನಗೆ ಇವೆಲ್ಲಕ್ಕಿಂತ ಇಷ್ಟ. 1929ರಲ್ಲಿ ಬಂದ ರೋಲೈಫ್ಲೆಕ್ಸ್‌ನಂಥ ಕ್ಯಾಮೆರಾಗಳನ್ನು ಎದೆ, ಸೊಂಟದ ಮಟ್ಟದಲ್ಲಿ ಹಿಡಿದು, ಮೇಲಿನಿಂದ ಬಗ್ಗಿ ಗಾಜಿನ ಪರದೆ ನೋಡುತ್ತ ಚಿತ್ರ ತೆಗೆಯಬೇಕಿತ್ತು. ಅಂಥ ಕ್ಯಾಮೆರಾವನ್ನು ಅಡ್ಡ ಮಲಗಿಸಿದರೆ ನೋಡುವುದೇ ಕಷ್ಟ. ಚಿತ್ರವೇ ಚೌಕವಾಗಿದ್ದರೆ ತಿರುಗಿಸುವ ಪ್ರಮೇಯವೇ ಇಲ್ಲ, ಬೇಕಿದ್ದರೆ ಪ್ರಿಂಟ್ ಹಾಕುವಾಗ ಅಡ್ಡವೋ ಉದ್ದವೋ ಕತ್ತರಿಸಿಕೊಳ್ಳಬಹುದು. ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾಗಳೂ ಚೌಕವನ್ನೇ ನೆಚ್ಚಿಕೊಂಡವು, ಚಂದ್ರನತ್ತ ಹೊರಟ ಅಪೊಲೊ ಯಾತ್ರಿಗಳ ಕೈಯಲ್ಲಿ ಇದ್ದದ್ದೂ ಅವೇ. 1968ರ ಡಿಸೆಂಬರ್ 24ರಂದು ಅಪೊಲೊ 8ರಿಂದ ವಿಲಿಯಂ ಆ್ಯಂಡರ್ಸ್ ತೆಗೆದ ಭೂಮಿ ಉದಯಿಸುವ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ: ಕೆಳಗೆ ಬೂದು ಬಣ್ಣದ ಚಂದ್ರನ ನೆಲ, ಅದರ ಮೇಲೆ ಕತ್ತಲಲ್ಲಿ ಅರ್ಧ ಬೆಳಗಿದ ನೀಲಿ ಭೂಮಿ. ಆದರೆ ಅವರು ತೆಗೆದ ಚೌಕಟ್ಟಿನಲ್ಲಿ ಚಂದ್ರನ ನೆಲ ಬಲಗಡೆ ಗೋಡೆಯಂತೆ ನೆಟ್ಟಗೆ ನಿಂತಿದೆ, ಭೂಮಿ ಅದರ ಎಡಕ್ಕಿದೆ. ಪ್ರಕಟವಾದಾಗ ಚಿತ್ರವನ್ನು ಹೆಚ್ಚುಕಡಿಮೆ ಕಾಲು ಸುತ್ತು ತಿರುಗಿಸಿದ್ದರು. ಬಾಹ್ಯಾಕಾಶದಲ್ಲಿ ಮೇಲು ಕೆಳಗು ಎಂಬುದಿಲ್ಲ, ಆದರೆ ನೋಡುವ ನಮಗೆ ನೆಲ ಕೆಳಗಿದ್ದರೆ ಮಾತ್ರ ಭೂಮಿ ‘ಉದಯಿಸಿದಂತೆ’ ಕಾಣುತ್ತದೆ. ಒಂದೇ ಚಿತ್ರ, ತಿರುಗಿಸಿದ್ದರಿಂದ ಅದರ ಅರ್ಥವೇ ಬದಲಾಯಿತು. ಚಿತ್ರದ ದಿಕ್ಕಿಗೆ ಎಷ್ಟು ಬಲವಿದೆ ಎಂದು ತೋರಿಸಲು ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

2010ರ ಅಕ್ಟೋಬರ್‌ನಲ್ಲಿ ಶುರುವಾದ ಇನ್‌ಸ್ಟಾಗ್ರಾಂ ಚೌಕವನ್ನು ಮತ್ತೆ ಎಲ್ಲರ ಕೈಗೆ ತಂದಿತು. 2015ರ ಆಗಸ್ಟ್‌ವರೆಗೆ ಅಲ್ಲಿ ಚೌಕ ಬಿಟ್ಟು ಬೇರೆ ಆಕಾರಕ್ಕೆ ಜಾಗವೇ ಇರಲಿಲ್ಲ. 2025ರಲ್ಲಿ ಅದು ಪ್ರೊಫೈಲ್ ಪುಟದ ಚೌಕದ ಖಾನೆಗಳನ್ನೂ ಉದ್ದನೆಯ ಖಾನೆಗಳಾಗಿ ಬದಲಿಸಿತು. ವರ್ಷಗಟ್ಟಲೆ ಚೌಕಕ್ಕೆ ಹೊಂದಿಸಿ ಹಾಕಿದ್ದವರ ಚಿತ್ರಗಳ ಪಕ್ಕ ಕತ್ತರಿಸಿಹೋಯಿತು. ಒಂದು ಆ್ಯಪ್ ಇವತ್ತು ಕೇಳುವ ಆಕಾರಕ್ಕೆ ಮೂಲ ಫೋಟೋವನ್ನೇ ಕತ್ತರಿಸಿ ಇಟ್ಟುಕೊಳ್ಳಬಾರದು ಎನ್ನುವುದು ಇದಕ್ಕೇ.

ದಿಕ್ಕು: ಮೊದಲೇ ತೀರ್ಮಾನಿಸಬೇಕಾದದ್ದು

ಅಡ್ಡ ತೆಗೆದ 16:9 ವೀಡಿಯೊವನ್ನು ಉದ್ದ ಹಿಡಿದ 9:16 ಪರದೆಯಲ್ಲಿ ನೋಡಿದರೆ ಅದು ಪರದೆಯ ಎಷ್ಟು ಭಾಗ ತುಂಬುತ್ತದೆ ಗೊತ್ತೇ? ಅರ್ಧವೂ ಇಲ್ಲ, ಶೇ. 31.6 ಮಾತ್ರ. ಉಳಿದ ಮೂರನೇ ಎರಡು ಭಾಗಕ್ಕೂ ಹೆಚ್ಚು ಕಪ್ಪು ಪಟ್ಟಿ. ಉದ್ದ ತೆಗೆದದ್ದನ್ನು ಟಿವಿಯಲ್ಲಿ ಹಾಕಿದರೂ ಅದೇ ಶೇ. 31.6. ಕಪ್ಪು ಪಟ್ಟಿ ಬೇಡ, ಕತ್ತರಿಸಿಯೇ ಬಿಡೋಣ ಎಂದರೆ, ಅಡ್ಡ ಚಿತ್ರದೊಳಗಿಂದ ಉದ್ದ ಚಿತ್ರ ತೆಗೆದಾಗ ಉಳಿಯುವ ಪಾಲೂ ಶೇ. 31.6. ಲೆಕ್ಕ ಎತ್ತ ತಿರುಗಿಸಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ, ಏಕೆಂದರೆ ಎಲ್ಲ ಕಡೆ ನಡೆಯುವುದು 9/16ರ ವರ್ಗ.

ಇದರ ಮೇಲೊಂದು ಪಟ್ಟು ಬೀಳುವುದೂ ಉಂಟು. ಅಡ್ಡ ವೀಡಿಯೊವನ್ನು ಮೇಲೆ ಕೆಳಗೆ ಕಪ್ಪು ಪಟ್ಟಿ ಸೇರಿಸಿ ಉದ್ದನೆಯ ಫೈಲ್ ಮಾಡಿ ಯಾರೋ ಕಳಿಸಿರುತ್ತಾರೆ. ಅದನ್ನು ಟಿವಿಗೋ ಪ್ರೊಜೆಕ್ಟರ್‌ಗೋ ಹಾಕಿದಾಗ ಎಡ ಬಲಕ್ಕೂ ಪಟ್ಟಿ ಸೇರಿಕೊಂಡು, ನಡುವೆ ಅಂಚೆಚೀಟಿಯಷ್ಟು ಚಿತ್ರ ಉಳಿಯುತ್ತದೆ. ಪರದೆಯ ಶೇ. 10 ಮಾತ್ರ. ಇಂಥದ್ದು ಬಂದರೆ ಕಳಿಸಿದವರ ಬಳಿ ಮೂಲ ಫೈಲ್ ಕೇಳಿ, ಅದರಲ್ಲಿ ಚಿತ್ರ ಪೂರ್ತಿ ಇರುತ್ತದೆ.

ಹಾಗಾಗಿ ಮೊದಲ ಪ್ರಶ್ನೆ, ಇದನ್ನು ಕೊನೆಗೆ ನೋಡುವುದು ಎಲ್ಲಿ? ರೀಲ್ಸ್, ಶಾರ್ಟ್ಸ್, ಸ್ಟೇಟಸ್‌ಗೆಂದೇ ತೆಗೆಯುತ್ತಿದ್ದರೆ ಉದ್ದ ಹಿಡಿಯಿರಿ, ಸಂಕೋಚ ಬೇಡ. ಉದ್ದ ವೀಡಿಯೊ ತೆಗೆಯುವವರಿಗೆ ಕ್ಯಾಮೆರಾ ಹಿಡಿಯಲು ಬರುವುದಿಲ್ಲ ಎಂಬ ಹಳೆಯ ತಾತ್ಸಾರಕ್ಕೆ ಈಗ ಅರ್ಥವಿಲ್ಲ. ಜನ ಫೋನನ್ನು ನೈಜವಾಗಿ ಹಿಡಿಯುವುದೇ ಉದ್ದಕ್ಕೆ. ಹಾಗೆಂದು ಅಡ್ಡದ ಕಾಲ ಮುಗಿಯಿತು ಎನ್ನುವುದೂ ತಪ್ಪು. 2018ರ ಜೂನ್‌ನಲ್ಲಿ ಇನ್‌ಸ್ಟಾಗ್ರಾಂ ಐಜಿಟಿವಿ ಎಂಬ ಆ್ಯಪ್ ತಂದು, ದೀರ್ಘ ವೀಡಿಯೊಗಳೂ ಉದ್ದಕ್ಕೇ ಇರಬೇಕು ಎಂದು ಹಟ ಹಿಡಿದಿತ್ತು. ಒಂದು ವರ್ಷ ತುಂಬುವ ಮೊದಲೇ, 2019ರ ಮೇ ತಿಂಗಳಲ್ಲಿ, ಅಡ್ಡ ವೀಡಿಯೊಗಳಿಗೂ ಬಾಗಿಲು ತೆರೆಯಬೇಕಾಯಿತು. ಅರ್ಧ ಗಂಟೆಯ ಕಾರ್ಯಕ್ರಮವನ್ನು ಜನ ಕೂತು ನೋಡುತ್ತಾರೆ, ಕೂತು ನೋಡುವುದು ಅಗಲ ಪರದೆಯಲ್ಲಿ. ನಮ್ಮ ಎರಡು ಕಣ್ಣುಗಳು ಅಕ್ಕಪಕ್ಕ ಇವೆ. ಅಲುಗಾಡದೆ ನಿಂತರೂ ಅಡ್ಡಡ್ಡಕ್ಕೆ ಸುಮಾರು 200 ಡಿಗ್ರಿ ಕಾಣುತ್ತದೆ, ಮೇಲೆ ಕೆಳಗೆ ಕಾಣುವುದು ಸುಮಾರು 130 ಡಿಗ್ರಿ. ಜಾಗದ ಹರಹು ಅನುಭವಕ್ಕೆ ಬರಬೇಕಾದರೆ ಅಡ್ಡವೇ ಸರಿ.

ಎರಡನೇ ಪ್ರಶ್ನೆ, ಎದುರಿಗಿರುವುದು ಯಾವ ಕಡೆಗೆ ಹರಡಿದೆ, ಯಾವ ಕಡೆಗೆ ಚಲಿಸುತ್ತಿದೆ? ನಿಂತ ವ್ಯಕ್ತಿ, ಮರ, ಜಲಪಾತ, ಏಣಿ ಹತ್ತುತ್ತಿರುವವರು: ಇವು ಉದ್ದ. ಸಾಲಾಗಿ ನಿಂತ ಗುಂಪು, ಮೈದಾನ, ವೇದಿಕೆಯ ನಾಟಕ, ದಿಗಂತ: ಅಡ್ಡ. ಇಷ್ಟು ಯಾರಾದರೂ ಹೇಳಿಯಾರು. ಕುತೂಹಲಕರವಾಗಿರುವುದು ಇವೆರಡರ ನಡುವಿನ ಜಾಗ.

ಮಗುವೊಂದು ಸೈಕಲ್ ಕಲಿಯುತ್ತಿದೆ ಅನ್ನಿ. ನೀವು ದಾರಿಯ ಪಕ್ಕದಲ್ಲಿ ನಿಂತಿದ್ದೀರಿ, ಮಗು ಎಡದಿಂದ ಬಲಕ್ಕೆ ಹೋಗುತ್ತಿದೆ. ಫೋನ್ ಉದ್ದ ಹಿಡಿದಿದ್ದರೆ ಎರಡು ತುಳಿತಕ್ಕೆ ಮಗು ಚೌಕಟ್ಟಿನಿಂದ ಆಚೆ. ಹಿಡಿದಿಡಲು ಫೋನನ್ನು ಸರ್ರನೆ ತಿರುಗಿಸುತ್ತೀರಿ, ಹಿನ್ನೆಲೆ ಕಲಸಿಹೋಗುತ್ತದೆ, ಮಗು ಒಮ್ಮೆ ಮುಂದೆ ಒಮ್ಮೆ ಹಿಂದೆ ಅಂಚಿಗೆ ತಾಗುತ್ತ ಇರುತ್ತದೆ, ನೋಡುವವರಿಗೆ ತಲೆ ಸುತ್ತುತ್ತದೆ. ಅಡ್ಡ ಹಿಡಿದಿದ್ದರೆ ಮಗುವಿನ ಮುಂದೆ ಹೋಗಲು ಜಾಗ ಕಾಣುತ್ತದೆ, ಹಿಂದೆ ಬೆನ್ನು ಹಿಡಿದು ಓಡುತ್ತಿರುವ ಅಪ್ಪನೂ ಕಾಣುತ್ತಾರೆ, ಫೋನನ್ನು ನಿಧಾನ ತಿರುಗಿಸಿದರೆ ಸಾಕು. ಆದರೆ ನಿಮಗೆ ಉದ್ದ ವೀಡಿಯೊನೇ ಬೇಕಿದ್ದರೆ? ಪಕ್ಕದಲ್ಲಿ ನಿಲ್ಲಬೇಡಿ, ದಾರಿಯ ತುದಿಗೆ ಹೋಗಿ ನಿಲ್ಲಿ. ಈಗ ಅದೇ ಮಗು ದೂರದಿಂದ ನಿಮ್ಮತ್ತಲೇ ಬರುತ್ತದೆ. ದಾರಿ ಚೌಕಟ್ಟಿನ ಕೆಳಗಿನಿಂದ ಮೇಲಕ್ಕೆ ಚಾಚಿಕೊಳ್ಳುತ್ತದೆ, ಮಗು ನಡುವಿನಲ್ಲೇ ಇದ್ದು ದೊಡ್ಡದಾಗುತ್ತ ಬರುತ್ತದೆ. ಫೋನ್ ಅಲುಗಾಡಿಸುವುದೇ ಬೇಡ. ಚೌಕಟ್ಟಿಗೆ ತಕ್ಕಂತೆ ನಿಲ್ಲುವ ಜಾಗ ಬದಲಿಸಬಹುದು ಎಂಬುದು ತಲೆಯಲ್ಲಿ ಕೂತರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು.

ಇಬ್ಬರು ಮಾತಾಡುವುದನ್ನು ಉದ್ದಕ್ಕೆ ತೆಗೆಯುವಾಗಲೂ ಇದೇ ಉಪಾಯ. ಅಕ್ಕಪಕ್ಕ ಕೂರಿಸಿದರೆ ಹೆಗಲು ಕತ್ತರಿಸುತ್ತದೆ, ಇಬ್ಬರನ್ನೂ ಹಿಡಿಸಲು ಹಿಂದೆ ಸರಿದರೆ ಮುಖ ಚಿಕ್ಕದಾಗಿ ಮೇಲೆ ಬರೀ ಗೋಡೆ, ಕೆಳಗೆ ಬರೀ ನೆಲ. ಒಬ್ಬರು ಕೂತು ಇನ್ನೊಬ್ಬರು ಹಿಂದೆ ನಿಂತರೆ, ಅಥವಾ ಒಬ್ಬರು ಒಂದು ಮೆಟ್ಟಿಲು ಮೇಲೆ ಕೂತರೆ ಎರಡೂ ಮುಖ ಒಂದರ ಮೇಲೊಂದು ಸರಿಯಾಗಿ ಬರುತ್ತವೆ.

ಗುಂಪು ಫೋಟೋದಲ್ಲಿ ಇನ್ನೊಂದು ಎಚ್ಚರಿಕೆ. ಫೋನಿನ ಮುಖ್ಯ ಲೆನ್ಸೇ ಸಾಕಷ್ಟು ಅಗಲ ಕೋನದ್ದು. ಅಂಥ ಲೆನ್ಸ್ ಅಂಚಿಗೆ ಬಂದದ್ದನ್ನು ಹೊರಕ್ಕೆ ಎಳೆದು ಹಿಗ್ಗಿಸುತ್ತದೆ. ಅಡ್ಡ ಚಿತ್ರದಲ್ಲಿ ಸಾಲಿನ ಎರಡೂ ತುದಿಯವರು ದಪ್ಪಗಾಗುತ್ತಾರೆ, ಮುಖ ಓರೆಯಾಗುತ್ತದೆ. 0.5 ಎಂದು ತೋರಿಸುವ ಅಲ್ಟ್ರಾವೈಡ್ ಲೆನ್ಸ್‌ನಲ್ಲಂತೂ ಇದು ಎದ್ದು ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ, ಎರಡೂ ತುದಿಯಲ್ಲಿ ಖಾಲಿ ಜಾಗ ಬಿಟ್ಟು ತೆಗೆದು, ಆಮೇಲೆ ಕ್ರಾಪ್ ಮಾಡಿ. ಅದಕ್ಕೂ ಜಾಗವಿಲ್ಲವೆಂದರೆ ಜನರನ್ನು ಎರಡು ಸಾಲು ಮಾಡಿ.

ಪನೋರಮಾ ತೆಗೆಯುವಾಗ ಮಾತ್ರ ಎಲ್ಲ ತಿರುವುಮುರುವು. ಅಗಲದ ದೃಶ್ಯಕ್ಕೆ ಫೋನನ್ನು ಉದ್ದ ಹಿಡಿದು ಪಕ್ಕಕ್ಕೆ ತಿರುಗಿಸಬೇಕು, ಆಗಲೇ ಚಿತ್ರಕ್ಕೆ ಎತ್ತರ ಸಿಗುವುದು. ಎತ್ತರದ ಕಟ್ಟಡಕ್ಕೆ ಅಡ್ಡ ಹಿಡಿದು ಕೆಳಗಿನಿಂದ ಮೇಲಕ್ಕೆ ಸರಿಸಿ.

ವೀಡಿಯೊದಲ್ಲಿ ವಾಪಸ್ ಹೋಗುವ ದಾರಿ ಕಿರಿದು

ಫೋಟೋದಲ್ಲಿ 4:3ರ ಪೂರ್ತಿ ಸೆನ್ಸರ್ ಕೈಯಲ್ಲಿತ್ತು. ವೀಡಿಯೊ ಒತ್ತಿದ ಕೂಡಲೇ ಸಾಮಾನ್ಯವಾಗಿ ಅದು 16:9ಕ್ಕೆ ಇಳಿಯುತ್ತದೆ, ಅಲುಗಾಟ ಸರಿಪಡಿಸುವ ಸ್ಟೆಬಿಲೈಸೇಶನ್ ಸುತ್ತಲೂ ಇನ್ನಷ್ಟು ಕತ್ತರಿಸಿಕೊಳ್ಳುತ್ತದೆ. ಫೋಟೋ ಮೋಡ್‌ನಲ್ಲಿ ಚೌಕಟ್ಟು ಹೊಂದಿಸಿಕೊಂಡು ವೀಡಿಯೊಗೆ ಜಾರಿದಾಗ ಎಲ್ಲ ಹತ್ತಿರ ಬಂದಂತೆ ಕಾಣುವುದು ಇದರಿಂದಲೇ. ಚೌಕಟ್ಟನ್ನು ವೀಡಿಯೊ ಮೋಡ್‌ಗೆ ಬಂದ ಮೇಲೆಯೇ ಹೊಂದಿಸಿ.

ರೆಕಾರ್ಡಿಂಗ್ ಶುರುವಾದ ಕ್ಷಣದಲ್ಲಿ ಫೋನ್ ಯಾವ ದಿಕ್ಕಿನಲ್ಲಿತ್ತೋ ಇಡೀ ಫೈಲ್‌ಗೆ ಅದೇ ದಿಕ್ಕು. ನಡುವೆ ಅಡ್ಡ ತಿರುಗಿಸಿದರೆ ಅಲ್ಲಿಂದಾಚೆಗೆ ಜನರೆಲ್ಲ ಮಲಗಿಕೊಂಡೇ ಮಾತಾಡುತ್ತಾರೆ. ತಿರುಗಿಸಲೇಬೇಕು ಅನಿಸಿದರೆ ನಿಲ್ಲಿಸಿ ಹೊಸದಾಗಿ ಶುರು ಮಾಡಿ.

ಒಂದೇ ದೃಶ್ಯ ಅಡ್ಡಕ್ಕೂ ಬೇಕು, ಉದ್ದಕ್ಕೂ ಬೇಕು ಎನ್ನುವಾಗ 4ಕೆ ನೆರವಿಗೆ ಬರುತ್ತದೆ. 4ಕೆ ವೀಡಿಯೊ 3840×2160 ಪಿಕ್ಸೆಲ್‌ನದ್ದು. ಅದನ್ನು ಅಡ್ಡ ತೆಗೆದು, ಒಳಗಿಂದ 9:16ರ ಉದ್ದ ಪಟ್ಟಿ ಕತ್ತರಿಸಿದರೆ 1215×2160 ಉಳಿಯುತ್ತದೆ. ಶಾರ್ಟ್ಸ್, ರೀಲ್ಸ್‌ಗೆ ಬೇಕಾದದ್ದು 1080×1920, ಅಂದರೆ ಸ್ಪಷ್ಟತೆಗೆ ಮೋಸವಿಲ್ಲ. ಅದೇ ಫುಲ್ ಎಚ್‌ಡಿಯಲ್ಲಿ ತೆಗೆದಿದ್ದರೆ ಉಳಿಯುವುದು ಸುಮಾರು 607×1080, ಅದನ್ನು ಹಿಗ್ಗಿಸಿದರೆ ಮಬ್ಬು. ಎರಡೂ ಕಡೆ ಬಳಸುವ ಯೋಚನೆಯಿದ್ದರೆ 4ಕೆ ಅಡ್ಡ ತೆಗೆಯಿರಿ, ಮುಖ್ಯವಾದದ್ದನ್ನು ನಡುವಿನ ಮೂರನೇ ಒಂದು ಭಾಗದಲ್ಲಿ ಇಟ್ಟುಕೊಳ್ಳಿ. ಉದ್ದ ತೆಗೆದು ಆಮೇಲೆ ಅಡ್ಡ ಕತ್ತರಿಸಿದರೂ ಅಂಕಿಲೆಕ್ಕ ಅದೇ, ಆದರೆ ಆಗ ತಲೆಯಿಂದ ಎದೆಯವರೆಗಿನ ಪಟ್ಟಿ ಮಾತ್ರ ಉಳಿದು ಕೈಗಳ ಚಲನೆ, ಸುತ್ತಲ ಜಾಗ ಎಲ್ಲ ಹೋಗುತ್ತದೆ. ಅಡ್ಡದಿಂದ ಉದ್ದಕ್ಕೆ ಹೋಗುವುದು ಹೆಚ್ಚಿನ ಸಲ ಲಾಭ.

ಉದ್ದ ವೀಡಿಯೊದಲ್ಲಿ ಪರದೆ ಪೂರ್ತಿ ನಿಮ್ಮದಲ್ಲ ಎಂಬುದೂ ನೆನಪಿರಲಿ. ಕೆಳಗೆ ಹೆಸರು, ವಿವರ, ಬಲಗಡೆ ಲೈಕ್, ಶೇರ್ ಗುಂಡಿಗಳು, ಮೇಲೆ ಸಮಯ, ಬ್ಯಾಟರಿ ಸಾಲು. ಮುಖ, ಬರಹ, ತೋರಿಸಬೇಕಾದ ವಸ್ತು ಇವು ಕೆಳಗಿನ ಕಾಲು ಭಾಗಕ್ಕೆ ಹೋಗದಂತೆ ನೋಡಿಕೊಳ್ಳಿ. ಅಡುಗೆಯೋ ಕಸೂತಿಯೋ ಕೈಕೆಲಸ ತೋರಿಸುವವರು ಇದರಲ್ಲೇ ಎಡವುತ್ತಾರೆ. ಕೈಗಳು ಸಹಜವಾಗಿ ಚೌಕಟ್ಟಿನ ಕೆಳಗಡೆ ಇರುತ್ತವೆ, ಅಲ್ಲೇ ಅಕ್ಷರಗಳು ಬಂದು ಕೂರುತ್ತವೆ. ಫೋನನ್ನು ಸ್ವಲ್ಪ ಕೆಳಮುಖ ಬಾಗಿಸಿ ಕೈಗಳನ್ನು ನಡುವಿಗೆ ತನ್ನಿ.

ತಯಾರಕರೂ ಈ ಅಡ್ಡ-ಉದ್ದದ ತೊಡಕಿಗೆ ಹಳೆಯ ಚೌಕದಲ್ಲೇ ಉತ್ತರ ಹುಡುಕುತ್ತಿದ್ದಾರೆ. 2022ರ ಗೋಪ್ರೊ ಹೀರೊ 11 ಎಂಬ ಪುಟ್ಟ ಕ್ಯಾಮೆರಾ ಹೆಚ್ಚುಕಡಿಮೆ ಚೌಕವೇ ಅನ್ನಬಹುದಾದ 8:7 ಚಿತ್ರ ತೆಗೆದು, ಆಮೇಲೆ ಯಾವ ಆಕಾರಕ್ಕೆ ಬೇಕಾದರೂ ಕತ್ತರಿಸಿಕೊಳ್ಳಲು ಬಿಟ್ಟಿತು. 2025ರ ಸೆಪ್ಟೆಂಬರ್‌ನಲ್ಲಿ ಬಂದ ಐಫೋನ್ 17ರ ಸೆಲ್ಫಿ ಕ್ಯಾಮೆರಾಕ್ಕೆ ಚೌಕಾಕಾರದ ಸೆನ್ಸರ್ ಹಾಕಿದ್ದಾರೆ. ಫೋನ್ ಉದ್ದ ಹಿಡಿದಿದ್ದರೂ ಅಡ್ಡ ಸೆಲ್ಫಿ ತೆಗೆಯಬಹುದು, ಕೈ ತಿರುಚುವ ಕಷ್ಟವಿಲ್ಲ. ಹಿಂಬದಿಯ ಕ್ಯಾಮೆರಾಗಳಿಗೂ ಇದು ಬಂದರೆ ಈ ಲೇಖನದ ಒಂದು ಭಾಗ ಹಳತಾಗುತ್ತದೆ. ಅದು ಬೇಗ ಆಗಲಿ ಎಂದೇ ನನ್ನ ಆಸೆ.

ಫೋಟೋ ತಾನಾಗಿ ಮಲಗುವುದೇಕೆ

ಸರಿಯಾಗಿಯೇ ತೆಗೆದ ಫೋಟೋ ಬೇರೆಡೆ ತೆರೆದಾಗ ಅಡ್ಡ ಬಿದ್ದಿರುವುದನ್ನು ನೋಡಿರುತ್ತೀರಿ. ನೀವು ಉದ್ದ ಹಿಡಿದರೂ ಸೆನ್ಸರ್ ಫೋನಿನೊಳಗೆ ಒಂದೇ ರೀತಿ ಕೂತಿರುತ್ತದೆ. ಪಿಕ್ಸೆಲ್‌ಗಳನ್ನು ಅದು ಅಡ್ಡವಾಗಿಯೇ ಬರೆದು, ಜೊತೆಗೆ ‘ಇದನ್ನು ಇಷ್ಟು ತಿರುಗಿಸಿ ತೋರಿಸು’ ಎಂಬ ಗುರುತು ಸೇರಿಸುವುದು ಫೋನುಗಳ ರೂಢಿ. ಎಕ್ಸಿಫ್ ಎಂಬ ಮಾಹಿತಿ ಖಾನೆಯಲ್ಲಿ ಅದು 1ರಿಂದ 8ರವರೆಗಿನ ಒಂದು ಅಂಕಿ. 1 ಇದ್ದರೆ ಹಾಗೇ ತೋರಿಸು, 6 ಇದ್ದರೆ ಬಲಕ್ಕೆ ಕಾಲು ಸುತ್ತು, 3 ಇದ್ದರೆ ತಲೆಕೆಳಗು. ಈ ಗುರುತನ್ನು ಓದದ ಸಾಫ್ಟ್‌ವೇರ್‌ನಲ್ಲಿ, ಅಥವಾ ಕಳಿಸುವಾಗ ಗುರುತು ಕಳಚಿಹೋದರೆ, ಫೋಟೋ ಮಲಗುತ್ತದೆ. ಗ್ಯಾಲರಿಯಲ್ಲಿ ಒಮ್ಮೆ ಎಡಿಟ್ ಒತ್ತಿ, ಸಣ್ಣದಾಗಿ ಕ್ರಾಪ್ ಮಾಡಿ ಹೊಸ ಪ್ರತಿಯಾಗಿ ಉಳಿಸಿದರೆ ಸಾಮಾನ್ಯವಾಗಿ ಪಿಕ್ಸೆಲ್‌ಗಳೇ ನೆಟ್ಟಗಾಗಿ ಬರುತ್ತವೆ.

ಯಾವ ಅಂಕಿ ಬರೆಯಬೇಕೆಂದು ಫೋನಿಗೆ ತಿಳಿಯುವುದು ಅಕ್ಸೆಲೆರೋಮೀಟರ್‌ನಿಂದ. ಭೂಮಿಯ ಸೆಳೆತ ಯಾವ ಕಡೆಗಿದೆ ಎಂದು ಅದು ಹೇಳುತ್ತದೆ. ಮೇಜಿನ ಮೇಲಿನ ಕಾಗದಪತ್ರದ ಫೋಟೋ ತೆಗೆಯಲು ಫೋನನ್ನು ಪೂರ್ತಿ ಮಲಗಿಸಿ ಹಿಡಿದಾಗ ಸೆಳೆತ ನೇರ ಪರದೆಯ ಹಿಂದಕ್ಕೆ ಇರುತ್ತದೆ. ಅಡ್ಡವೋ ಉದ್ದವೋ ತಿಳಿಯಲು ಫೋನಿಗೆ ಆಧಾರವೇ ಇಲ್ಲ, ಹಿಂದೆ ಇದ್ದ ದಿಕ್ಕನ್ನೇ ಹಿಡಿದುಕೊಂಡಿರುತ್ತದೆ. ಅದಕ್ಕೇ ಹತ್ತು ಪುಟಗಳಲ್ಲಿ ಮೂರು ಪುಟ ಅಡ್ಡ ಬರುವುದು. ಕ್ಯಾಮೆರಾ ಆ್ಯಪ್‌ನ ಫ್ಲಾಶ್, ಟೈಮರ್ ಮುಂತಾದ ಪುಟ್ಟ ಚಿಹ್ನೆಗಳನ್ನು ಗಮನಿಸಿ. ಫೋನ್ ತಿರುಗಿಸಿದಂತೆ ಅವೂ ತಿರುಗುತ್ತವೆ. ಅವು ನಿಮಗೆ ನೆಟ್ಟಗೆ ಕಂಡರೆ ಫೋಟೋ ನೆಟ್ಟಗೆ ಬರುತ್ತದೆ. ಓರೆ ಕಂಡರೆ ಫೋನನ್ನು ಒಮ್ಮೆ ಎತ್ತಿ ನಿಲ್ಲಿಸಿ, ಚಿಹ್ನೆ ತಿರುಗಿದ ಮೇಲೆ ಮತ್ತೆ ಮಲಗಿಸಿ ತೆಗೆಯಿರಿ. ವೀಡಿಯೊ ಶುರು ಮಾಡುವ ಮುನ್ನವೂ ಈ ಚಿಹ್ನೆಗಳತ್ತ ಕಣ್ಣು ಹಾಯಿಸುವುದು ಒಳ್ಳೆಯದು.

ಪ್ರಿಂಟ್ ಹಾಕಿಸುವಾಗ

ಪ್ರಿಂಟ್ ಕಾಗದಗಳಿಗೂ ಒಂದೊಂದು ಅನುಪಾತ. 4×6 ಇಂಚು 3:2, 8×10 ಇಂಚು 5:4, 210×297 ಮಿ.ಮೀ.ನ ಎ4 ಸುಮಾರು 1.41. ಫೋನಿನ 4:3 ಇವುಗಳಲ್ಲಿ ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ, ಆದರೆ ಎಲ್ಲಕ್ಕೂ ಹತ್ತಿರವಿದೆ. 4×6ಕ್ಕೆ ಹಾಕಿದರೆ ಶೇ. 11, 8×10 ಮತ್ತು ಎ4ಗೆ ಹಾಕಿದರೆ ಸುಮಾರು ಶೇ. 6 ಅಂಚು ಹೋಗುತ್ತದೆ. ಫುಲ್‌ನಲ್ಲಿ ತೆಗೆದ 20:9 ಫೋಟೋವನ್ನು 4×6ಕ್ಕೆ ಹಾಕಿಸಿದರೆ? ಸೆನ್ಸರ್ ಕಂಡದ್ದರಲ್ಲಿ ಶೇ. 40 ಕ್ಯಾಮೆರಾದಲ್ಲೇ ಹೋಗಿತ್ತು. ಈಗ ಪ್ರಿಂಟ್‌ಗಾಗಿ ಇನ್ನೊಂದು ಬದಿಯನ್ನೂ ಕತ್ತರಿಸಬೇಕು. ಕೊನೆಗೆ ಕಾಗದದ ಮೇಲೆ ಬರುವುದು ಮೂಲದ ಶೇ. 40ರಷ್ಟು ಮಾತ್ರ. 4:3ರಲ್ಲಿ ತೆಗೆದಿದ್ದರೆ ಶೇ. 89 ಬರುತ್ತಿತ್ತು.

ಪ್ರಿಂಟ್ ಹಾಕುವ ಯಂತ್ರಕ್ಕೆ ಕತ್ತರಿಸುವ ಕೆಲಸ ಬಿಡಬೇಡಿ. ಗಾತ್ರ ಯಾವುದೆಂದು ಕೇಳಿಕೊಂಡು, ಗ್ಯಾಲರಿಯ ಕ್ರಾಪ್‌ನಲ್ಲಿ ಅದೇ ಅನುಪಾತ ಆರಿಸಿ, ತಲೆಗಳ ಮೇಲೆ ಎಷ್ಟು ಜಾಗ ಉಳಿಯಬೇಕೋ ನೀವೇ ನೋಡಿ ಕೊಡಿ. ಬಿಳಿ ಅಂಚಿಲ್ಲದ ಪ್ರಿಂಟ್‌ನಲ್ಲಿ ಕಾಗದದ ಸುತ್ತ ಇನ್ನೂ ಒಂದೆರಡು ಮಿ.ಮೀ. ಹೋಗುತ್ತದೆ, ಹಾಗಾಗಿ ಯಾರ ಮುಖವೂ ಕೈಯೂ ಅಂಚಿಗೆ ತೀರಾ ಒತ್ತಿಕೊಂಡಿರದಂತೆ ಸ್ವಲ್ಪ ಸಡಿಲ ಬಿಡಿ.